ಲೇಬಲ್ಲು ತೆಗೆಯಬಾರದ ಕಪಾಟು

ನಮ್ಮ ಮನೆಯಲ್ಲಿ ಹೊಸ ವಸ್ತು ಹಳೆಯದಾಗುವುದಿಲ್ಲ. ಹಳೆಯದಾಗಲು ನನ್ನ ಹೆಂಡತಿ ಬಿಡುವುದಿಲ್ಲ. ಫ್ರಿಜ್ಜು ಬಂದು ಎಷ್ಟೋ ವರ್ಷವಾಯಿತು, ಅದರ ಎದೆಯ ಮೇಲಿನ ಕರೆಂಟು ಉಳಿತಾಯದ ನಕ್ಷತ್ರಗಳ ಸ್ಟಿಕ್ಕರು ಇನ್ನೂ ಅಲ್ಲೇ ಇದೆ. ವಾಷಿಂಗ್ ಮಷೀನಿನ ಮುಚ್ಚಳದ ಮೇಲೆ ಅದನ್ನು ನಡೆಸುವ ಕ್ರಮ ಹೇಳುವ ಚೀಟಿ, ಗೀಸರಿನ ಮೇಲೆ ಗ್ಯಾರಂಟಿಯ ಚೀಟಿ, ಟಿವಿ ರಿಮೋಟಿಗೆ ಪ್ಲಾಸ್ಟಿಕ್ಕಿನ ಅಂಗಿ. ಸ್ಟೀಲು ತಟ್ಟೆಯ ನಟ್ಟನಡುವೆ ಅಂಟಿಸಿದ ಕಂಪನಿಯ ಚೀಟಿಯ ಮೇಲೆಯೇ ನಾವು ಸಾರನ್ನ ಕಲಸಿ ಉಂಡವರು. ಆ ಚೀಟಿ ದಿನಕ್ಕಿಷ್ಟು ಸವೆಯುತ್ತ ಯಾವಾಗ ಯಾರ ಹೊಟ್ಟೆ ಸೇರಿತೋ ಗೊತ್ತಿಲ್ಲ.

ಇದು ಅವಳೊಬ್ಬಳ ಹುಚ್ಚಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಉಡುಪಿ ಕಡೆಯಿಂದ ಬಂದು ಮುಂಬಯಿಯ ಒಂದೇ ಕೋಣೆಯ ಖೋಲಿಗಳಲ್ಲಿ ಸಂಸಾರ ಹೂಡಿದ ನಮ್ಮವರಲ್ಲಿ ಇದು ಮನೆಮನೆಯ ಪದ್ಧತಿ. ವಸ್ತು ಕೊಂಡರೆ ಸಾಲದು, ಹೊಸದನ್ನೇ ಕೊಂಡದ್ದೆಂದು ನಾಲ್ಕು ಜನರಿಗೆ ಕಾಣಬೇಕು. ಸ್ಟಿಕ್ಕರು ಇದ್ದರೆ ಬಾಯಿಬಿಟ್ಟು ಹೇಳಿಕೊಳ್ಳುವ ಕಷ್ಟ ತಪ್ಪುತ್ತದೆ. ಮದುವೆಯಲ್ಲಿ ಹುಡುಗಿಯ ಜೊತೆ ಬರುವ ಪಾತ್ರೆ, ಮಂಚ, ಕಪಾಟುಗಳ ಮೇಲಂತೂ ಚೀಟಿ ಇರಲೇಬೇಕು. ಗಂಡಿನ ಕಡೆಯ ಹೆಂಗಸರು ಅವುಗಳನ್ನು ಸುತ್ತಿ ಸುತ್ತಿ ನೋಡುವುದು ನಮ್ಮಲ್ಲಿ ಪುರೋಹಿತರಿಲ್ಲದೆ ನಡೆಯುವ ಒಂದು ಶಾಸ್ತ್ರ.

ನಮ್ಮ ಮನೆಯ ಸ್ಟಿಕ್ಕರುಗಳಿಗೆಲ್ಲ ಹಿರಿಯಣ್ಣ ಮಲಗುವ ಕೋಣೆಯ ಕಪಾಟಿನ ಮೇಲಿತ್ತು. ಆಳೆತ್ತರದ ತಗಡಿನ ಕಪಾಟು, ಬೂದು ಬಣ್ಣ, ಎರಡು ಬಾಗಿಲು. ಮದುವೆಯಲ್ಲಿ ಮಾವ ಕೊಟ್ಟದ್ದು. ಮಾವ ಒಬ್ಬ ಗುಜರಾತಿ ಸೇಠರ ಬಟ್ಟೆ ವ್ಯಾಪಾರದ ಪೇಢಿಯ ಕ್ಯಾಂಟೀನಿನಲ್ಲಿ ಅಡುಗೆಯವರಾಗಿದ್ದರು. ವಡಾಲದಲ್ಲಿ ಸಾಲು ಖೋಲಿಗಳ ಚಾಳೊಂದರಲ್ಲಿ ಅವರದು ಒಂದೇ ಖೋಲಿ. ಅಂಥವರು ಮಗಳಿಗೆ ಹೆಸರಾಂತ ಕಂಪನಿಯ ಹೊಚ್ಚಹೊಸ ಕಪಾಟು ಕೊಟ್ಟರು ಎಂಬುದು ಆಗ ನಮ್ಮ ನೆಂಟರಲ್ಲಿ ದೊಡ್ಡ ಸುದ್ದಿಯಾಗಿತ್ತು. ಎಡಬಾಗಿಲಿನ ಮೇಲುಗಡೆ ಅಂಗೈಯಗಲದ ಬೆಳ್ಳಿ ಕಾಗದದ ಲೇಬಲ್ಲು, ಅದರಲ್ಲಿ ಕಂಪನಿಯ ಹೆಸರು. ಮನೆಗೆ ಯಾರೇ ಬರಲಿ, ಹೆಂಡತಿ ಏನಾದರೂ ನೆಪ ತೆಗೆದು ಅವರನ್ನು ಒಳಗೆ ಕರೆದೊಯ್ದು, ನನ್ನ ಅಪ್ಪ ಹೊಸದೇ ಕೊಟ್ಟದ್ದು, ಲೇಬಲ್ಲು ಕೂಡ ಹೋಗಿಲ್ಲ ನೋಡಿ ಎಂದು ತೋರಿಸುವಳು. ಕಪಾಟು ಒರೆಸುವಾಗ ಲೇಬಲ್ಲಿನ ಸುತ್ತ ಬಟ್ಟೆ ಆಡಿಸುವಳೇ ಹೊರತು ಅದಕ್ಕೆ ತಾಗಿಸುತ್ತಿರಲಿಲ್ಲ. ನನಗೂ ಮಗಳಿಗೂ ಮುಟ್ಟಬಾರದೆಂಬ ಕಟ್ಟಪ್ಪಣೆ ಇತ್ತು. ಕೆಲವು ವರ್ಷಗಳ ಹಿಂದೆ ಮಾವ ತೀರಿಕೊಂಡ ಮೇಲೆ ಆ ಅಪ್ಪಣೆ ಇನ್ನೂ ಬಿಗಿಯಾಯಿತು.

ಇಷ್ಟೆಲ್ಲ ಸುಸೂತ್ರವಾಗಿ ನಡೆದುಕೊಂಡು ಬಂದದ್ದು ನಾನು ದಿನವಿಡೀ ಬ್ಯಾಂಕಿನಲ್ಲಿ ಇರುತ್ತಿದ್ದೆ ಎಂಬ ಕಾರಣಕ್ಕೆ. ನಿವೃತ್ತನಾಗಿ ಚೆಂಬೂರಿನ ಈ ಫ್ಲ್ಯಾಟಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತಾಗ ಮನೆಯಲ್ಲಿ ಎಷ್ಟು ಕೊಳಕು ಅಂಟು ಇದೆಯೆಂದು ಕಣ್ಣಿಗೆ ಬಿತ್ತು. ಅರ್ಧ ಹರಿದ ಚೀಟಿಗಳು, ಚೀಟಿ ಹೋದರೂ ಉಳಿದ ಗೋಂದು, ಆ ಗೋಂದಿಗೆ ಕೂತ ಕಪ್ಪು ಧೂಳು. ಸಕ್ಕರೆ ಡಬ್ಬಿ ಎತ್ತಿದರೆ ಕೈಯೇ ಡಬ್ಬಿಗೆ ಅಂಟಿಕೊಳ್ಳುವುದು. ನನಗೆ ಕೈ ತುರಿಸತೊಡಗಿತು. ಆದರೆ ಹೆಂಡತಿ ಎದುರಿಗಿರುವಾಗ ಕೈ ಹಾಕುವ ಧೈರ್ಯ ಇರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಅಷ್ಟರಲ್ಲಿ ಡೊಂಬಿವಿಲಿಯಲ್ಲಿರುವ ಅವಳ ತಮ್ಮನ ಮನೆಯಲ್ಲಿ ಮೊಮ್ಮಗುವಿನ ನಾಮಕರಣ ಬಂತು. ಸಹಾಯಕ್ಕೆಂದು ಅವಳು ಎರಡು ದಿನ ಮೊದಲೇ ಹೊರಟಳು. ಮಗಳು ಬೆಳಿಗ್ಗೆ ಎದ್ದು ಅಂಧೇರಿಯ ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಹೆಂಡತಿಯನ್ನು ಸ್ಟೇಷನ್ನಿಗೆ ಬಿಟ್ಟು ಬಂದವನೇ ಲುಂಗಿ ಎತ್ತಿಕಟ್ಟಿದೆ.

ಮೊದಲು ಅಡುಗೆಮನೆ. ಡಬ್ಬಿಗಳನ್ನೆಲ್ಲ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ ಪಾತ್ರೆ ಉಜ್ಜುವ ತಂತಿನಾರು ಹಿಡಿದೆ. ಒಂದೇ ತಿಕ್ಕಿಗೆ ಚೀಟಿಯೂ ಹೋಯಿತು, ಡಬ್ಬಿಯ ಹೊಳಪೂ ಹೋಯಿತು. ಅಂಟು ಮಾತ್ರ ಎಲ್ಲಿತ್ತೋ ಅಲ್ಲೇ ಕೂತಿತ್ತು. ಗೀರು ಬಿದ್ದ ಡಬ್ಬಿಯನ್ನು ಎಲ್ಲಕ್ಕಿಂತ ಹಿಂದೆ ಸರಿಸಿ, ಇನ್ನು ಬಲಪ್ರಯೋಗ ಬೇಡವೆಂದು ತೀರ್ಮಾನಿಸಿದೆ. ಮಗಳ ಕೂದಲು ಒಣಗಿಸುವ ಯಂತ್ರ ತಂದು ಚೀಟಿಗೆ ಬಿಸಿಗಾಳಿ ಹಿಡಿದೆ. ಬಿಸಿ ತಾಗುತ್ತಲೇ ಅಂಟು ಸಡಿಲವಾಯಿತು. ಮೂಲೆಯನ್ನು ಉಗುರಿನಿಂದ ಎಬ್ಬಿಸಿ ಮೆಲ್ಲಗೆ, ಅವಸರವಿಲ್ಲದೆ ಎಳೆದರೆ ಇಡೀ ಚೀಟಿ ಬಾಳೆಲೆಯಿಂದ ಕಡುಬು ಬಿಡಿಸಿದ ಹಾಗೆ ಬಂತು. ಉಳಿದ ಜಿಡ್ಡಿಗೆ ತೆಂಗಿನೆಣ್ಣೆಯಲ್ಲಿ ಅಡುಗೆ ಸೋಡಾ ಕಲಸಿ ಹಚ್ಚಿ, ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು, ಹಳೆಯ ಎಟಿಎಂ ಕಾರ್ಡಿನಿಂದ ಓರೆಯಾಗಿ ಕೆರೆದೆ. ಆಮೇಲೆ ಪಾತ್ರೆ ಸೋಪಿನಲ್ಲಿ ತೊಳೆದರೆ ಡಬ್ಬಿಯಲ್ಲಿ ನನ್ನ ಮುಖ ಕಾಣಿಸಿತು. ಅಷ್ಟು ಪ್ರಸನ್ನವಾದ ಮುಖವನ್ನು ಬ್ಯಾಂಕಿನಲ್ಲಿ ಯಾರೂ ನೋಡಿರಲಿಕ್ಕಿಲ್ಲ.

ಎಣ್ಣೆಗೂ ಬಗ್ಗದ ಮೊಂಡು ಅಂಟೊಂದು ಕುಕ್ಕರಿನ ಮೇಲಿತ್ತು. ಅದಕ್ಕೆ ಮಗಳ ನೈಲ್ ಪಾಲಿಶ್ ತೆಗೆಯುವ ದ್ರವವನ್ನು ಹತ್ತಿಯಲ್ಲಿ ಅದ್ದಿ ಒತ್ತಿದೆ. ಅಂಟು ನಾಚಿ ನೀರಾಯಿತು. ಆಹಾ, ಇಷ್ಟು ದಿನ ಈ ಪುಟ್ಟ ಬಾಟಲಿ ಎಲ್ಲಿ ಅಡಗಿತ್ತು ಎನಿಸಿತು. ಒಬ್ಬನೇ ಇರುವ ಮನೆಯಲ್ಲಿ ಗೆಲ್ಲುತ್ತ ಹೋಗುವ ಗಂಡಸಿಗೆ ಬುದ್ಧಿ ಹೇಳುವವರು ಯಾರು? ಮಧ್ಯಾಹ್ನದ ಊಟ ಮುಗಿಸಿ ನಾನು ಬಾಟಲಿ ಹಿಡಿದುಕೊಂಡು ಮಲಗುವ ಕೋಣೆಗೆ ಹೋದೆ.

ಲೇಬಲ್ಲು ತೆಗೆಯುವ ಉದ್ದೇಶ ಇರಲಿಲ್ಲ, ದೇವರಾಣೆ. ಅದರ ಒಂದು ಅಂಚು ಎದ್ದು ಧೂಳು ಹಿಡಿದಿತ್ತು. ಆ ಅಂಚನ್ನಷ್ಟೇ ಶುಚಿ ಮಾಡಿ ಮತ್ತೆ ಅಂಟಿಸಿದರೆ ಹೆಂಡತಿಗೂ ಖುಷಿಯಾದೀತು ಎಂದುಕೊಂಡೆ. ಹತ್ತಿ ಒತ್ತಿದೆ. ಅಂಚು ಸಡಿಲವಾಯಿತು, ಅದರ ಹಿಂದೆಯೇ ಇನ್ನಷ್ಟು, ಕೊನೆಗೆ ಪೂರ್ತಿ ಲೇಬಲ್ಲು ಕೈಗೆ ಬಂತು. ಅದರ ಬೆನ್ನಿಗಿದ್ದ ಗೋಂದು ಹಳದಿ, ದಪ್ಪ, ಎಳೆದರೆ ನೂಲಿನಂತೆ ಬರುವಂಥದ್ದು. ಇಷ್ಟು ದೊಡ್ಡ ಕಂಪನಿ ಇಷ್ಟು ಒರಟಾಗಿ ಅಂಟಿಸುತ್ತದೆಯೇ ಎಂದು ಆಶ್ಚರ್ಯಪಡುತ್ತಲೇ ಬಾಗಿಲಿನ ಮೇಲೆ ಉಳಿದದ್ದನ್ನು ಉಜ್ಜಿದೆ. ಹತ್ತಿ ಬೂದು ಬಣ್ಣಕ್ಕೆ ತಿರುಗಿತು. ಕುಕ್ಕರಿಗೆ ಬಣ್ಣ ಇರಲಿಲ್ಲ, ಕಪಾಟಿಗೆ ಇದೆ ಎಂಬುದು ತಲೆಗೆ ಹೋಗುವಷ್ಟರಲ್ಲಿ ತಡವಾಗಿತ್ತು.

ಬೂದು ಬಣ್ಣದ ಕೆಳಗೆ ತಗಡು ಕಾಣಬೇಕಿತ್ತು. ಕಂಡದ್ದು ಗುಲಾಬಿ ಬಣ್ಣ. ಗುಲಾಬಿಯ ಮೇಲೆ ಕೆಂಪಿನಲ್ಲಿ ಯಾರೋ ಕುಂಚದಿಂದ ಬರೆದ ಅಕ್ಷರಗಳು. ಘಾಟ್ಕೋಪರ್ ಶಾಖೆಯಲ್ಲಿ ಬಹಳ ವರ್ಷ ಗುಜರಾತಿ ಗಿರಾಕಿಗಳ ಜೊತೆ ಕಳೆದವನಿಗೆ ಅದನ್ನು ಓದುವುದು ಕಷ್ಟವಾಗಲಿಲ್ಲ. ‘ಶುಭ’ ಎಂದು ಬರೆದಿತ್ತು.

ಗುಜರಾತಿಗಳು ಶುಭ, ಲಾಭ ಎಂದು ಜೋಡಿಯಾಗಿಯೇ ಬರೆಯುವವರು, ಎಡಬಾಗಿಲಿನಲ್ಲಿ ಶುಭ ಇದ್ದ ಮೇಲೆ ಬಲಬಾಗಿಲಿನಲ್ಲಿ ಲಾಭ ಇರಲೇಬೇಕು. ಅದನ್ನು ಹುಡುಕುವ ಹುಮ್ಮಸ್ಸು ನನಗೆ ಉಳಿದಿರಲಿಲ್ಲ. ಮಂಚದ ಮೇಲೆ ಇಂಗು ತಿಂದ ಮಂಗನ ಹಾಗೆ ಕೂತೆ. ಕಪಾಟು ಹೊಸದಲ್ಲ. ಯಾವುದೋ ಗುಜರಾತಿ ಮನೆಯಲ್ಲಿ ವರ್ಷಗಟ್ಟಲೆ ಬಾಳಿ, ಬಣ್ಣ ಬಳಿಸಿಕೊಂಡು, ಎಲ್ಲಿಂದಲೋ ತಂದ ಲೇಬಲ್ಲು ಅಂಟಿಸಿಕೊಂಡು ನಮ್ಮ ಮದುವೆಗೆ ಬಂದದ್ದು. ನನಗೆ ಅದರಿಂದ ಬೇಸರವೇನೂ ಆಗಲಿಲ್ಲ. ಬಾಗಿಲು ಸರಿಯಾಗಿ ಮುಚ್ಚುವ ಕಪಾಟು ಯಾವ ಬಣ್ಣದ್ದಾದರೇನು? ಆದರೆ ಹೆಂಡತಿ? ತನ್ನ ಅಪ್ಪ ಹೊಸದೇ ಕೊಟ್ಟರೆಂದು ಬಂದವರಿಗೆಲ್ಲ ತೋರಿಸುತ್ತ ಬಂದವಳು. ಅಪ್ಪ ತನಗೇ ಸುಳ್ಳು ಹೇಳಿದರೆಂದು ಈಗ, ಕೇಳೋಣವೆಂದರೆ ಅವರೇ ಇಲ್ಲದ ಹೊತ್ತಿನಲ್ಲಿ, ತಿಳಿದರೆ ಅವಳ ಗತಿ ಏನು? ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವಳ ಬೈಗುಳದ ಹೆದರಿಕೆ ಅಲ್ಲ, ಅದಕ್ಕೆ ನಾನು ಒಗ್ಗಿಹೋಗಿದ್ದೇನೆ. ಅವಳು ಏನೂ ಹೇಳದೆ ಆ ಬಾಗಿಲನ್ನೇ ನೋಡುತ್ತ ನಿಂತುಬಿಟ್ಟರೆ ಎಂಬ ಹೆದರಿಕೆ.

ಲೇಬಲ್ಲನ್ನು ಮತ್ತೆ ಅಂಟಿಸೋಣವೆಂದರೆ ಅದು ದ್ರವದಲ್ಲಿ ನೆನೆದು ಮುದುಡಿ, ಕಂಪನಿಯ ಹೆಸರಿನ ಅರ್ಧ ಹತ್ತಿಗೆ ಹತ್ತಿಕೊಂಡಿತ್ತು. ಸಂಜೆ ಮಗಳು ಬಂದಾಗ ನಡೆದದ್ದನ್ನು ಹೇಳಿದೆ. ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿ ರೈಲು ಹತ್ತುವಂಥದ್ದು. ಅಮ್ಮನಿಗೆ ಸೀದಾ ಬತಾ ದೋ, ಹೇಳಿಬಿಡಿ ಎಂದಳು. ಆಗದೆಂದೆ. ಸ್ವಲ್ಪ ಯೋಚಿಸಿ ತನ್ನ ಡಬ್ಬಿಯಿಂದ ಬೂದು ಬಣ್ಣದ ನೈಲ್ ಪಾಲಿಶ್ ತಂದುಕೊಟ್ಟಳು. ಇಂಥ ಬಣ್ಣವನ್ನು ಉಗುರಿಗೆ ಹಚ್ಚುವವರು ಇದ್ದಾರೆಂದು ನನಗೆ ಗೊತ್ತಾದದ್ದು ಅವತ್ತೇ. ಕನ್ನಡಕ ಏರಿಸಿಕೊಂಡು, ಉಸಿರು ಬಿಗಿಹಿಡಿದು, ಆ ಎಳ್ಳಿನಷ್ಟು ಕುಂಚದಲ್ಲಿ ಬಾಗಿಲಿಗೆ ಬಳಿಯತೊಡಗಿದೆ. ‘ಶು’ ಮುಚ್ಚುವಷ್ಟರಲ್ಲಿ ಬಾಟಲಿ ಖಾಲಿ. ಸಾಲದ್ದಕ್ಕೆ ಬಳಿದಷ್ಟು ಜಾಗ ಮಿರಿಮಿರಿ ಮಿಂಚುತ್ತಿತ್ತು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕು, ಫೋಟೋ ತೆಗೆದುಕೊಂಡು ಹೋದಳು.

ಕೊನೆಗೆ ಉಳಿದದ್ದು ಕ್ಯಾಲೆಂಡರು. ಫ್ರಿಜ್ಜಿನ ಮೇಲಿದ್ದ ಅಯಸ್ಕಾಂತದ ಗೊಂಬೆಗಳನ್ನು ತಂದು ಕ್ಯಾಲೆಂಡರನ್ನು ಕಪಾಟಿನ ಬಾಗಿಲಿಗೆ ಕೂರಿಸಿದೆ. ಸ್ಟಿಕ್ಕರು ಕಿತ್ತುಹಾಕಲು ಹೊರಟವನು ಮನೆಗೆ ಹೊಸದೊಂದು ಸ್ಟಿಕ್ಕರು ಸೇರಿಸಿದಂತಾಯಿತು.

ನಾಮಕರಣ ಮುಗಿಸಿ ಹೆಂಡತಿ ಬಂದಳು. ಹೊಳೆಯುವ ಡಬ್ಬಿಗಳನ್ನು ನೋಡಿ ಹುಬ್ಬೇರಿಸಿದಳು, ಗೀರು ಬಿದ್ದದ್ದನ್ನು ಹಿಂದಿನ ಸಾಲಿನಿಂದ ನೇರವಾಗಿ ಎತ್ತಿಕೊಂಡಳು, ಆದರೆ ಪ್ರಯಾಣದ ಆಯಾಸದಲ್ಲಿ ಹೆಚ್ಚು ಹೇಳಲಿಲ್ಲ. ಸೀರೆ ಇಡಲು ಕಪಾಟಿನ ಹತ್ತಿರ ಹೋದವಳು ನಿಂತಳು. ಕಪಾಟಿಗೆ ಯಾರಾದರೂ ಕ್ಯಾಲೆಂಡರು ಹಾಕುತ್ತಾರೆಯೇ ಎಂದು ಕೇಳಿದಳು. ಏಕಾದಶಿ ನೋಡಲು ಅನುಕೂಲವೆಂದೆ. ನಾನು ಇಷ್ಟು ವರ್ಷದಲ್ಲಿ ಒಂದು ಏಕಾದಶಿಯನ್ನೂ ಮಾಡಿದವನಲ್ಲ. ಅವಳು ಕ್ಯಾಲೆಂಡರು ಎತ್ತಿದಳು.

ಅವಳು ಗುಲಾಬಿ ಬಣ್ಣವನ್ನೂ ಉಳಿದಿದ್ದ ‘ಭ’ವನ್ನೂ ನೋಡುತ್ತ ನಿಂತಳು. ನಾನು ತೊದಲುತ್ತ ಶುರುಮಾಡಿದೆ: ಮಾವನವರ ಮೇಲೆ ತಪ್ಪು ತಿಳಿಯಬೇಡ, ಆ ಕಾಲದಲ್ಲಿ ಅವರಿಗೆ ಎಷ್ಟು ಕಷ್ಟವಿತ್ತೋ, ನಿನಗೆ ನೋವಾಗಬಾರದೆಂದು ಹೇಳದೆ ಇದ್ದಿರಬಹುದು. ಅವಳು ಮಂಚದ ತುದಿಯಲ್ಲಿ ಕೂತು, ನನ್ನ ಭಾಷಣ ಮುಗಿಯುವವರೆಗೆ ತಡೆದುಕೊಂಡಳು.

“ನಂಗೆ ಹೇಳದೇ ಇದ್ದದ್ದಾ?” ಎಂದಳು. “ಬಣ್ಣದ ಡಬ್ಬ ಹಿಡ್ಕೊಂಡು ಪಕ್ಕದಲ್ಲಿ ನಿಂತದ್ದೇ ನಾನು.”

ಆಮೇಲೆ ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯಲು ನನಗಾಗದು. ಅವಳು ನಡುನಡುವೆ ನಗುತ್ತಿದ್ದಳು, ನಡುನಡುವೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಸೇಠರ ಮನೆಗೆ ಹೊಸ ಕಪಾಟು ಬಂದಾಗ ಸೇಠಾಣಿ ಹಳೆಯದನ್ನು ಮಾವನಿಗೆ ಕೊಟ್ಟರಂತೆ, ಮಗಳ ಮದುವೆಗೆ ಆಗಲಿ ಎಂದು. ಮಾವ ಸಂಕೋಚದಿಂದ ಹೊಸ ಕಪಾಟಿನ ಲೇಬಲ್ಲನ್ನೂ ಕೇಳಿದರಂತೆ. ಸೇಠಾಣಿ ನಕ್ಕು ಒಪ್ಪಿದರು. ಮಾವ ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ, ಒಂದು ಚೂರೂ ಹರಿಯದಂತೆ ಅದನ್ನು ಬಿಡಿಸಿ ಪುಸ್ತಕದ ಎಲೆಗಳ ನಡುವೆ ಇಟ್ಟುಕೊಂಡು ಬಂದರು. ಚಾಳಿನ ಗ್ಯಾಲರಿಯಲ್ಲಿ ಕಪಾಟು ಮಲಗಿಸಿ ಅಪ್ಪ ಮಗಳು ಬಣ್ಣ ಬಳಿದರು. ಗ್ಯಾಲರಿಯಲ್ಲಿ ನಡೆದಾಡುವವರೆಲ್ಲ ಅದನ್ನು ದಾಟಿಕೊಂಡೇ ನಲ್ಲಿಗೆ ಹೋಗಬೇಕಿತ್ತು, ಆದ್ದರಿಂದ ಇಡೀ ಚಾಳಿಗೆ ಗೊತ್ತಿತ್ತು. ಒಬ್ಬರೂ ಹೊರಗೆ ಬಾಯಿ ಬಿಡಲಿಲ್ಲ. ಬಣ್ಣ ಒಣಗಲು ತಡವಾಗಿ, ಲೇಬಲ್ಲು ಅಂಟಿಸಿದ್ದು ಟೆಂಪೋ ಬಂದು ನಿಂತ ಮೇಲೆ. ಚಾಳಿನ ಬಾಗಿಲಲ್ಲಿ ಕೂರುತ್ತಿದ್ದ ಮೋಚಿಯ ಹತ್ತಿರ ಚಪ್ಪಲಿ ಅಂಟಿಸುವ ಸೊಲ್ಯೂಷನ್ ಇಸಿದುಕೊಂಡು ಓಡಿಬಂದವಳು ಇವಳೇ.

“ಮದುವೆ ದಿನ ಸಾಮಾನು ನೋಡ್ಲಿಕ್ಕೆ ನಿಮ್ಮ ಅಕ್ಕ ಬಂದು ಲೇಬಲ್ಲಿಗೆ ಉಗುರು ಹಾಕಿ ನೋಡಿದ್ರು,” ಎಂದಳು. “ಸೊಲ್ಯೂಷನ್ ಇನ್ನೂ ಒಣಗಿರ್ಲಿಲ್ಲ. ಅಪ್ಪ ನನ್ನ ಕೈ ಗಟ್ಟಿ ಹಿಡ್ಕೊಂಡ್ರು.”

ಅಕ್ಕ ಏನೂ ಹೇಳದೆ ಮುಂದಿನ ಪಾತ್ರೆಗೆ ಹೋದಳಂತೆ. ಆದರೆ ಅವತ್ತಿನಿಂದ ಮಾವನಿಗೆ ಈ ಕಪಾಟು ಕಂಡರೆ ಭಯ. ನಮ್ಮ ಮನೆಗೆ ಬಂದಾಗಲೆಲ್ಲ ಅವರು ಹೊರಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತು, ಚಹಾ ಕುಡಿದು, ಊಟಕ್ಕೆ ನಿಲ್ಲಿ ಎಂದರೆ ಲೋಕಲ್ ರೈಲಿನಲ್ಲಿ ರಶ್ ಆಗುತ್ತದೆ ಎನ್ನುತ್ತ ಹೊರಟುಬಿಡುತ್ತಿದ್ದರು. ಅವರದು ಅವಸರದ ಸ್ವಭಾವವೆಂದು ನಾನು ತಿಳಿದಿದ್ದೆ. ಬಂದವರಿಗೆಲ್ಲ ಲೇಬಲ್ಲು ತೋರಿಸಿದ್ದು ಇವಳ ಉಪಾಯ. ತಾನೇ ಮೊದಲು ತೋರಿಸಿದರೆ ಇನ್ಯಾರೂ ಉಗುರು ಹಾಕಲಾರರು ಎಂದು. ನನಗಾದರೂ ಹೇಳಬಾರದಿತ್ತೇ ಎಂದೆ.

“ನೀವು ನಗ್ತಿದ್ರಿ ಮಾರಾಯ್ರೆ. ಆಮೇಲೆ ಬ್ಯಾಂಕಿನವರಿಗೆ ಹೇಳಿ ಅವರನ್ನೂ ನಗಿಸ್ತಿದ್ರಿ. ಅಪ್ಪನ ವಿಷಯದಲ್ಲಿ ಅದು ನಂಗೆ ಆಗ್ತಿರ್ಲಿಲ್ಲ.”

ಆ ವಯಸ್ಸಿನ ನಾನು ಖಂಡಿತ ನಗುತ್ತಿದ್ದೆ.

ಭಾನುವಾರ ಅಕ್ಕ ಊಟಕ್ಕೆ ಬರುವುದು ಮೊದಲೇ ನಿಶ್ಚಯವಾಗಿತ್ತು. ಮೊಣಕಾಲು ನೋವಿನಿಂದಾಗಿ ಅವಳು ಈಗ ಬರುವುದು ಅಪರೂಪ. ಬಂದರೆ ಊಟದ ನಂತರ ಒಳಕೋಣೆಯಲ್ಲಿ ಕಾಲು ಚಾಚಿ ಮಲಗಲೇಬೇಕು. ಕ್ಯಾಲೆಂಡರು ಮತ್ತೆ ಹಾಕುತ್ತೇನೆಂದು ನಾನು ಹೊರಟರೆ ಹೆಂಡತಿ ತಡೆದಳು. ಹೆದರಿ ಸಾಕಾಗಿದೆ, ಹೇಗಿದೆಯೋ ಹಾಗೇ ಇರಲಿ, ಕೇಳಿದರೆ ಹೇಳುತ್ತೇನೆ ಎಂದಳು. ಹೇಳಿದ್ದು ಧೈರ್ಯವಾಗಿಯೇ. ಆದರೆ ಭಾನುವಾರ ಬೆಳಗ್ಗೆ ಪಲ್ಯಕ್ಕೆ ಉಪ್ಪು ಹಾಕುವುದನ್ನೇ ಮರೆತಿದ್ದಳು, ಗಂಜಿ ಬಸಿಯುವಾಗ ಕೈ ಸುಟ್ಟುಕೊಂಡಳು. ಅಕ್ಕನ ನಾಲಿಗೆ ಎಂಥದ್ದೆಂದು ನಮಗಿಬ್ಬರಿಗೂ ಗೊತ್ತು. ಸತ್ತುಹೋದ ಮಾವನ ಬಗ್ಗೆ ಅವಳ ಬಾಯಿಂದ ಒಂದು ಹಗುರ ಮಾತು ಬಂದರೆ ಹೆಂಡತಿ ತಡೆಯಲಾರಳು, ನಾನೂ ಸುಮ್ಮನಿರಲಾರೆ.

ಮಗಳು ಅವತ್ತು ಹೊರಗೆ ಹೋಗಿದ್ದಳು. ಅಕ್ಕ ಬಂದು ಚೀಲ ಇಡಲು ಒಳಗೆ ಹೋದಳು. ನಾವಿಬ್ಬರೂ ಹಿಂದೆಯೇ ಹೋದೆವು. ಅವಳು ಕಪಾಟಿನ ಎದುರು ನಿಂತು, ಕನ್ನಡಕ ಸರಿಮಾಡಿಕೊಂಡು ಗುಲಾಬಿ ಬಣ್ಣವನ್ನು ನೋಡಿದಳು. ಹೆಂಡತಿ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು.

“ಅತ್ತಿಗೆ, ಅದು ಹೊಸತಲ್ಲ. ಅಪ್ಪ ಬಣ್ಣ ಬಳಿದದ್ದು,” ಎಂದಳು. ಧ್ವನಿ ಸಣ್ಣಗಿತ್ತು.

ಅಕ್ಕ ತಿರುಗಲಿಲ್ಲ. “ನಂಗೆ ಅವತ್ತೇ ಗೊತ್ತಿತ್ತು ಮಾರಾಯ್ತಿ. ಉಗುರಿಗೆ ಸೊಲ್ಯೂಷನ್ ಹಿಡ್ಕೊಂಡಿತ್ತಲ್ಲ. ನಮ್ಮಮ್ಮ ಹೊಸತಾ ಅಂತ ಕೇಳಿದ್ರು, ಹೊಸತೇ ಅಮ್ಮ, ಒಳ್ಳೆದುಂಟು ಅಂದೆ.”

ಹೆಂಡತಿ ಮಂಚದ ಮೇಲೆ ಕೂತುಬಿಟ್ಟಳು. ಇಷ್ಟು ವರ್ಷ ಯಾರಿಗೆ ಹೆದರಿದ್ದಳೋ ಅವಳೇ ಮೊದಲ ದಿನದಿಂದ ಆ ಗುಟ್ಟು ಕಾಯುತ್ತ ಬಂದಿದ್ದಳು. ಮನೆಯಲ್ಲಿ ಏನೂ ಗೊತ್ತಿಲ್ಲದೆ ಓಡಾಡಿಕೊಂಡಿದ್ದವನು ನಾನೊಬ್ಬನೇ ಎಂದು ಹೇಳಿ ವಾತಾವರಣ ತಿಳಿಮಾಡಲು ನೋಡಿದೆ. ಅಕ್ಕ ನಕ್ಕಳು, ನಿನಗೆ ಯಾವಾಗ ಏನು ಗೊತ್ತಿತ್ತು ಎಂದಳು. ಹೆಂಡತಿ ಮಾತ್ರ ನಗಲಿಲ್ಲ. ಅಪ್ಪ ಯಾಕೆ ಒಂದು ದಿನವೂ ಈ ಮನೆಯಲ್ಲಿ ಊಟಕ್ಕೆ ನಿಲ್ಲಲಿಲ್ಲ ಎಂಬುದನ್ನು ಅಕ್ಕನಿಗೆ ಹೇಳಿದಳು. ಅಕ್ಕನ ನಗು ಅಲ್ಲೇ ನಿಂತಿತು.

ಅವಳು ಮೊಣಕಾಲು ನೀವಿಕೊಳ್ಳುತ್ತ ಹೆಂಡತಿಯ ಪಕ್ಕ ಕೂತಳು.

“ನಾನು ಹೇಳಿದ್ರೆ ಅವರಿಗೆ ನಾಚಿಕೆ ಆಗ್ತದೆ ಅಂತ ಸುಮ್ಮನಿದ್ದೆ,” ಎಂದಳು. “ನಂಗೆ ಗೊತ್ತುಂಟು, ಹೆದರಬೇಡಿ ಅಂತ ಒಂದು ಮಾತು ಹೇಳಿದ್ದಿದ್ರೆ, ಅವರು ಒಳಗೆ ಬಂದು ನಮ್ಮ ಜೊತೆ ಕೂತು ಉಣ್ತಿದ್ರು.”

ಹೆಂಡತಿ ಅಕ್ಕನ ಕೈ ಹಿಡಿದುಕೊಂಡು ಅತ್ತಳು. ಅಪ್ಪ ಹೋದ ದಿನ ಕೂಡ ಅವಳು ಹಾಗೆ ಅತ್ತಿರಲಿಲ್ಲ. ನಾನು ಅಡುಗೆಮನೆಗೆ ಹೋಗಿ ತಟ್ಟೆಗಳನ್ನು ತಂದೆ. ಆ ಮಧ್ಯಾಹ್ನ ನಾವು ಮೂವರೂ ಒಳಕೋಣೆಯಲ್ಲೇ, ಕಪಾಟಿನ ಎದುರಿಗೆ ಕೂತು ಉಂಡೆವು. ಪಲ್ಯಕ್ಕೆ ಉಪ್ಪಿಲ್ಲವೆಂದು ಅಕ್ಕ ಕೂಡ ಹೇಳಲಿಲ್ಲ.